ಮನೆ ಕೊಳ್ಳುವಾಗ, ಮಾರುವಾಗ: ಮುಂಗಡಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು

ಅಡಿಕೆ ಸಸಿ ತರುವಾಗ ನಾವು ತಾಯಿಮರ ಯಾವುದು ಅಂತ ವಿಚಾರಿಸ್ತೇವೆ. ದನ ಕೊಳ್ಳುವಾಗ ಹಲ್ಲು ನೋಡ್ತೇವೆ, ಸುಳಿ ನೋಡ್ತೇವೆ, ಎರಡು ಹೊತ್ತು ಹಾಲು ಕರೆದು ನೋಡ್ತೇವೆ. ಮನೆ ಕೊಳ್ಳುವಾಗ ಮಾತ್ರ ಗೋಡೆ ತಟ್ಟಿ, ಬಾವಿ ಇಣುಕಿ, ಚಾ ಕುಡಿದು ಮುಂಗಡ ಕೊಟ್ಟು ಬರ್ತೇವೆ. ರೆಕಾರ್ಡಿನ ವಿಷಯ ಬಂದರೆ 'ಅದೆಲ್ಲ ಸರಿ ಉಂಟು' ಎಂಬ ಒಂದು ಮಾತು ನಮಗೆ ಸಾಕು. ನಾನೂ ಹಾಗೇ ಮಾಡಿದವನು. ಅದಕ್ಕೆ ಶುಲ್ಕ ಕಟ್ಟಿದ್ದೇನೆ.

ನಾನು ವಕೀಲ ಅಲ್ಲ, ಎರಡೂವರೆ ಎಕ್ರೆಯ ಅಡಿಕೆ ಕೃಷಿಕ. ಒಂದು ಮನೆ ಕೊಳ್ಳಲು ಹೋಗಿ ಸೋತೆ, ಇನ್ನೊಂದು ಕೊಂಡೆ, ನಮ್ಮ ಹಳೇ ಮನೆ ಮಾರಿದೆ. ಈ ಐದು ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಊರಿನಲ್ಲಿ ಈಗ ಯಾರಾದರೂ ಜಾಗ ನೋಡ್ಲಿಕ್ಕೆ ಹೊರಟರೆ ನನ್ನಲ್ಲಿ ಕೇಳಿ ಹೋಗ್ತಾರೆ. ಅವರು ಕೇಳುವ ಪ್ರಶ್ನೆಗಳೇ ಈ ಲೇಖನದ ತಲೆಬರಹಗಳು.

ಎರಡು ಲಕ್ಷದ ಪಾಠ

ನಮ್ಮ ಹಳೇ ಮನೆ ಗುಡ್ಡದ ಮೇಲೆ. ಜೀಪು ಬಿಟ್ಟರೆ ಬೇರೆ ವಾಹನ ಹತ್ತುವುದಿಲ್ಲ. ಅಮ್ಮನಿಗೆ ಮೊಣಗಂಟು ನೋವು ಜಾಸ್ತಿ ಆದ ಮೇಲೆ ರಸ್ತೆ ಬದಿಗೆ ಇಳಿಯುವುದೇ ಸರಿ ಅನಿಸಿತು. 2019ರ ಡಿಸೆಂಬರಿನಲ್ಲಿ ಡಾಮರು ರಸ್ತೆ ಹತ್ತಿರ ಒಂದು ಮನೆ ಸಿಕ್ಕಿತು. ಹೆಂಚಿನ ಮನೆ, 30 ಸೆಂಟ್ಸ್ ಜಾಗ, ಬಾವಿ, ಹದಿನೈದು ತೆಂಗು. ಮಾರುವವರು ಗುರ್ತದವರೇ. ಐವತ್ತು ರೂಪಾಯಿ ಛಾಪಾಕಾಗದದಲ್ಲಿ ಒಂದು ಕರಾರು ಬರೆದು ಎರಡು ಲಕ್ಷ ರೂಪಾಯಿ ಕೊಟ್ಟೆ. ಎಷ್ಟು ದಿನದಲ್ಲಿ ರಿಜಿಸ್ಟ್ರಿ, ಆಗದಿದ್ದರೆ ಏನು, ಅದರಲ್ಲಿ ಯಾವುದೂ ಇರಲಿಲ್ಲ.

ಆಮೇಲೆ ರೆಕಾರ್ಡು ತೆಗೆದುಕೊಂಡು ವಕೀಲರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು 'ಮುಂಗಡ ಕೊಟ್ಟಾಯಿತಾ?' ಅಂತ. ಆಯಿತು ಅಂದೆ. 'ಹಾಗಾದ್ರೆ ಈಗ ಯಾಕೆ ಬಂದ್ರಿ?' ಅಂದ್ರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅವರು ಕಂಡುಹಿಡಿದದ್ದು ಮೂರು ಸಂಗತಿ. ಒಂದು, ಜಾಗದ ಮೇಲೆ ಸೊಸೈಟಿ ಸಾಲ ಇತ್ತು. ಎರಡು, ಬಾವಿ ಇದ್ದದ್ದು 30 ಸೆಂಟ್ಸಿನ ಒಳಗೆ ಅಲ್ಲ, ಕುಮ್ಕಿಯಲ್ಲಿ. ಮೂರು, ಆಸ್ತಿ ಅಜ್ಜನ ಕಾಲದ್ದು. ಅಣ್ಣ ತಮ್ಮ ಇಬ್ಬರೇ 2001ರಲ್ಲಿ ಒಂದು ಪಾಲುಪಟ್ಟಿ ಬರೆದುಕೊಂಡಿದ್ದರು. ಅದು ರಿಜಿಸ್ಟರ್ ಆಗಿರಲಿಲ್ಲ. ಇಬ್ಬರು ಅಕ್ಕತಂಗಿಯರ ಸಹಿ ಅದರಲ್ಲಿ ಇರಲಿಲ್ಲ. ಮೊದಲ ಎರಡಕ್ಕೆ ಮದ್ದು ಇತ್ತು. ಮೂರನೆಯದ್ದಕ್ಕೆ ಇರಲಿಲ್ಲ, ಯಾಕೆಂದರೆ ಸಹೋದರಿಯರು ಸಹಿ ಮಾಡ್ಲಿಕ್ಕೆ ಒಪ್ಪಲಿಲ್ಲ. ವ್ಯಾಪಾರ ಮುರಿಯಿತು. ಅವರು ನನ್ನ ಹಣ ಆಗಲೇ ಖರ್ಚು ಮಾಡಿದ್ದರು. ಅಷ್ಟರಲ್ಲಿ ಲಾಕ್‌ಡೌನ್. ನಾಲ್ಕು ಮಂದಿ ಹಿರಿಯರನ್ನು ಕೂರಿಸಿ ಮಾತಾಡಿ, ಮೂರು ಕಂತಿನಲ್ಲಿ ಅಸಲು ಕೈಗೆ ಬರುವಾಗ ಹದಿನಾಲ್ಕು ತಿಂಗಳು ಕಳೆದಿತ್ತು.

ಇನ್ನು ಒಂದೊಂದಾಗಿ ನೋಡೋಣ.

ಯಾರ ಹೆಸರಲ್ಲಿ ಖಾತೆ ಉಂಟೋ ಅವರೇ ಯಜಮಾನರಲ್ವಾ?

ಅಲ್ಲ. ನಮ್ಮಲ್ಲಿ ಅತಿ ಹೆಚ್ಚು ಮಂದಿ ತಪ್ಪು ತಿಳಿದದ್ದು ಇದನ್ನೇ. ಆರ್‌ಟಿಸಿ ಅಂದರೆ ಪಹಣಿ, ಪಂಚಾಯತಿನ ಖಾತೆ, ತೆರಿಗೆ ರಶೀದಿ ಇವೆಲ್ಲ ಕಂದಾಯ ವಸೂಲಿಗೆ ಇಟ್ಟ ಲೆಕ್ಕ. ಹಕ್ಕು ಹುಟ್ಟುವುದು ಕ್ರಯಪತ್ರ, ರಿಜಿಸ್ಟರ್ ಆದ ಪಾಲುಪತ್ರ, ದಾನಪತ್ರ, ವೀಲುನಾಮೆ, ಸರಕಾರದ ಮಂಜೂರಾತಿ, ಕೋರ್ಟಿನ ಡಿಕ್ರಿ, ಇಲ್ಲವೇ ವಾರಸುದಾರಿಕೆಯಿಂದ. ಖಾತೆ ಅದರ ನೆರಳು. ಮರ ಇಲ್ಲದೆ ನೆರಳು ಮಾತ್ರ ಕಂಡರೆ ಸಂಶಯ ಪಡಬೇಕು.

ಹಾಗಾಗಿ ಮಾರುವವರಲ್ಲಿ ಕೇಳಬೇಕಾದ ಪ್ರಶ್ನೆ 'ಖಾತೆ ಯಾರ ಹೆಸರಲ್ಲಿ?' ಎಂದಲ್ಲ, 'ನಿಮಗೆ ಈ ಜಾಗ ಹೇಗೆ ಬಂತು?' ಎಂದು. ಅವರಿಗೆ ಯಾರಿಂದ ಬಂತು, ಆ ಯಾರಿಗೆ ಇನ್ಯಾರಿಂದ ಬಂತು ಎಂದು ಕನಿಷ್ಠ 30 ವರ್ಷ ಹಿಂದಕ್ಕೆ ಕೊಂಡಿ ಕೊಂಡಿಯಾಗಿ ನೋಡಬೇಕು. ಒಂದು ಕೊಂಡಿ ತಪ್ಪಿದರೂ ಅಲ್ಲಿ ನಿಲ್ಲಿ. ಪಹಣಿಯ 9ನೇ ಕಾಲಂನಲ್ಲಿ ಹೆಸರು, 10ರಲ್ಲಿ ಹೇಗೆ ಬಂತು ಎಂಬ ವಿವರ, 11ರಲ್ಲಿ ಸಾಲ ಮತ್ತು ಇತರ ಹಕ್ಕು ಇರುತ್ತದೆ. ನಾವು 9 ಮಾತ್ರ ಓದಿ ಮಡಚಿಡ್ತೇವೆ. ಓದಬೇಕಾದ್ದು 10 ಮತ್ತು 11.

ಋಣಭಾರ ಪತ್ರ ತೆಗೆದರೆ ಸಾಕಲ್ವಾ?

ಋಣಭಾರ ಪತ್ರ, ಅಂದರೆ ಇಸಿ, ಬೇಕೇ ಬೇಕು. ಈಗ ಕಾವೇರಿ ಜಾಲತಾಣದಲ್ಲಿ 2004ರಿಂದ ಈಚಿನದ್ದು ಮನೆಯಲ್ಲೇ ಕೂತು ತೆಗೆಯಬಹುದು. ಅದಕ್ಕಿಂತ ಹಿಂದಿನದಕ್ಕೆ ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ ಕೊಡಬೇಕು. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಸಿಗುತ್ತದೆ.

ಆದರೆ ಇಸಿಯಲ್ಲಿ ಕಾಣುವುದು ರಿಜಿಸ್ಟರ್ ಆದ ಪತ್ರಗಳು ಮಾತ್ರ. ರಿಜಿಸ್ಟರ್ ಆಗದ ಕರಾರು, ಬಾಯಿಮಾತಿನ ಪಾಲು, ಮನೆಯ ಪೆಟ್ಟಿಗೆಯಲ್ಲಿ ಇಟ್ಟ ವೀಲು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ, ಇವು ಅದರಲ್ಲಿ ಬರಬೇಕೆಂದಿಲ್ಲ. ಇನ್ನೊಂದು ಮುಖ್ಯ ಸಂಗತಿ: ಮೂಲಪತ್ರ ಒತ್ತೆ ಇಟ್ಟು ಸಾಲ ತೆಗೆದದ್ದು ಕೆಲವೊಮ್ಮೆ ಇಸಿಯಲ್ಲಿ ಕಾಣದೇ ಹೋಗಬಹುದು. ಅದಕ್ಕೆ ಮೂಲಪತ್ರವನ್ನು ಕಣ್ಣಾರೆ ನೋಡಿ, ಕೈಯಲ್ಲಿ ಹಿಡಿದು ನೋಡಿ. ಜೆರಾಕ್ಸ್ ತೋರಿಸಿ 'ಒರಿಜಿನಲ್ ಮಗನ ಹತ್ತಿರ ಉಂಟು' ಅಂದರೆ ಮಗ ಬರುವವರೆಗೆ ಕಾಯಿರಿ. ಕಳೆದುಹೋಗಿದೆ ಅಂದರೆ ಪೋಲಿಸ್ ದೂರು, ಪತ್ರಿಕಾ ಪ್ರಕಟಣೆ, ದೃಢೀಕೃತ ನಕಲು ಇವನ್ನು ಕೇಳಿ.

ದಾವೆ ಉಂಟೋ ಎಂದು ತಿಳಿಯಲು ಕೋರ್ಟುಗಳ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ದಾವೆ ನಡೆಯುತ್ತಿರುವ ಜಾಗ ಕೊಂಡರೆ ಆ ದಾವೆಯ ತೀರ್ಪು ನಿಮಗೂ ಅಂಟಿಕೊಳ್ಳುತ್ತದೆ. 'ನನಗೆ ಗೊತ್ತಿರಲಿಲ್ಲ' ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಸಾಲ ಇದೆ ಎಂದ ಕೂಡಲೇ ಓಡಬೇಕಾಗಿಲ್ಲ. ಕೃಷಿಕರಲ್ಲಿ ಸಾಲ ಇಲ್ಲದ ಪಹಣಿ ಎಷ್ಟು ಸಿಕ್ಕೀತು? ಬ್ಯಾಂಕು ಅಥವಾ ಸೊಸೈಟಿಯಿಂದ ಬಾಕಿ ಎಷ್ಟೆಂದು ಬರಹದಲ್ಲಿ ತರಿಸಿ, ಅಷ್ಟು ಹಣವನ್ನು ನೇರ ಸಾಲದ ಖಾತೆಗೇ ಕಟ್ಟಿ, ಋಣಮುಕ್ತ ಪತ್ರ ಮತ್ತು ಮೂಲಪತ್ರ ಪಡೆದ ನಂತರ ರಿಜಿಸ್ಟ್ರಿ ಮಾಡಿ. ಮಾರುವವರ ಕೈಗೆ ಕೊಟ್ಟು 'ನೀವೇ ಕಟ್ಟಿ' ಎನ್ನಬೇಡಿ.

ಹೆಣ್ಣುಮಕ್ಕಳ ಸಹಿ ಬೇಕಾ?

ಬೇಕು. ಈ ಪ್ರಶ್ನೆಯ ಮೇಲೆಯೇ ನನ್ನ ವ್ಯಾಪಾರ ಮುರಿದದ್ದು.

ಹಿಂದೂ ಉತ್ತರಾಧಿಕಾರ ಕಾಯ್ದೆ 1956ರದ್ದು. ನಮ್ಮ ರಾಜ್ಯದಲ್ಲಿ 1994ರಲ್ಲೇ ಒಂದು ತಿದ್ದುಪಡಿ ಬಂದು, ಅಷ್ಟರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಸಿಕ್ಕಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಭೇದ ಇಲ್ಲದೆ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ಕೊಟ್ಟಿತು. ಆ ದಿನ ತಂದೆ ಬದುಕಿರಬೇಕೋ ಬೇಡವೋ ಎಂಬುದು ಬಹಳ ವರ್ಷ ಚರ್ಚೆಯಲ್ಲಿತ್ತು. 2015ರಲ್ಲಿ ಸುಪ್ರೀಂ ಕೋರ್ಟು ಬದುಕಿರಬೇಕು ಎಂದಿತ್ತು. ನನಗೆ ಮಾರಲು ಬಂದವರ ತಂದೆ 1999ರಲ್ಲಿ ತೀರಿಕೊಂಡಿದ್ದರು. ಅದನ್ನೇ ಹಿಡಿದು 'ಹುಡುಗಿಯರಿಗೆ ಏನೂ ಇಲ್ಲ' ಎಂದು ಅವರ ವಾದ. ಆಗಲೂ ತಂದೆಯ ಪಾಲಿನೊಳಗೆ ಹೆಣ್ಣುಮಕ್ಕಳಿಗೆ ವಾರಸು ಭಾಗ ಇದ್ದೇ ಇತ್ತು, ಪಾಲು ಎಷ್ಟು ಎಂಬುದಷ್ಟೇ ಪ್ರಶ್ನೆ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೂ ಇತ್ಯರ್ಥ ಮಾಡಿತು: ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ. ಮುಂಗಡ ವಾಪಸಿಗೆ ಓಡಾಡುತ್ತಿದ್ದ ನಾನು ಆ ಸುದ್ದಿಯನ್ನು ಪೇಪರಿನಲ್ಲಿ ಎರಡು ಸಲ ಓದಿದೆ.

2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಪಾಲುಪತ್ರದಿಂದಲೋ ಕೋರ್ಟು ಡಿಕ್ರಿಯಿಂದಲೋ ಪಾಲಾಗಿದ್ದರೆ ಅಥವಾ ಆ ದಿನಕ್ಕೆ ಮೊದಲೇ ಮಾರಾಟ ಆಗಿದ್ದರೆ ಅದನ್ನು 2005ರ ಕಾನೂನು ಅಲುಗಿಸುವುದಿಲ್ಲ. ಬಿಳಿ ಕಾಗದದ ಪಾಲುಪಟ್ಟಿಗೆ, ಬಾಯಿಮಾತಿನ ಪಾಲಿಗೆ ಈ ರಕ್ಷಣೆ ಸುಲಭದಲ್ಲಿ ಸಿಗುವುದಿಲ್ಲ.

ತಂದೆ ಸ್ವಂತ ದುಡಿದು ಕೊಂಡ ಜಾಗ ಆದರೆ ಲೆಕ್ಕ ಬೇರೆ. ಬದುಕಿರುವಾಗ ಅವರಿಗೆ ಇಷ್ಟ ಬಂದವರಿಗೆ ಮಾರಬಹುದು, ವೀಲು ಬರೆಯಬಹುದು. ವೀಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಇದು 1956ರಿಂದಲೇ ಇರುವ ಕಾನೂನು, ಹೊಸತಲ್ಲ.

ಪ್ರಾಯ ತುಂಬದ ಮಕ್ಕಳ ಹೆಸರಲ್ಲಿ ಆಸ್ತಿ ಇದ್ದರೆ ತಂದೆಯೋ ತಾಯಿಯೋ ಮಾರುವ ಮೊದಲು ಕೋರ್ಟಿನ ಅನುಮತಿ ಪಡೆಯಬೇಕು. ಇಲ್ಲದಿದ್ದರೆ ಆ ಮಗು ದೊಡ್ಡದಾದ ಮೇಲೆ ಕ್ರಯವನ್ನು ಪ್ರಶ್ನಿಸಬಹುದು.

ಜಾಗ ಎಂಥದ್ದು?

ಮನೆ ಒಂದೇ ತರ ಕಂಡರೂ ಕೆಳಗಿನ ಜಾಗ ನಾಲ್ಕು ತರ ಇರುತ್ತದೆ.

ಮೊದಲನೆಯದು ಕೃಷಿ ಜಮೀನಿನೊಳಗಿನ ಮನೆ. ಕೃಷಿಕ ತನ್ನ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾಗಿ ಮನೆ ಕಟ್ಟಲು ಭೂಪರಿವರ್ತನೆ ಬೇಡ. ಆದರೆ ಆ ಮನೆ ಮತ್ತು ಸುತ್ತಲಿನ ಹತ್ತು ಸೆಂಟ್ಸ್ ಮಾತ್ರ ತುಂಡು ಮಾಡಿ ವಾಸಕ್ಕೆಂದು ಮಾರುವಾಗ ಕಷ್ಟ ಶುರು. ಸರ್ವೆ ನಂಬರಿನ ಒಂದು ಭಾಗ ಮಾರಲು 11ಇ ನಕ್ಷೆ ಬೇಕು. ವಾಸದ ನಿವೇಶನ ಅನ್ನಿಸಿಕೊಳ್ಳಲು ಪರಿವರ್ತನೆ ಆದೇಶ ಬೇಕು. ಅಂದ ಹಾಗೆ, 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳಬಹುದು.

ಎರಡನೆಯದು ಪರಿವರ್ತನೆ ಆದ ಜಾಗ ಅಥವಾ ಗ್ರಾಮಠಾಣೆ. ಇದಕ್ಕೆ ಪಂಚಾಯತಿನ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಗುತ್ತದೆ. ನಿಯಮ ಪ್ರಕಾರ ಆಗದ ಮನೆಗಳಿಗೆ ಕೊಡುವುದು 11ಬಿ. ಮಾರುವವರು '11 ಉಂಟು' ಅಂದರೆ ಎ ಯೋ ಬಿ ಯೋ ಎಂದು ಕೇಳಿ. ತೆರಿಗೆ ಕಟ್ಟಿದ ಮಾತ್ರಕ್ಕೆ ಬಿ ಎ ಆಗುವುದಿಲ್ಲ. ಈ ನಿಯಮಗಳು ಆಗಾಗ ತಿದ್ದುಪಡಿ ಆಗುತ್ತಿವೆ, ನಿಮ್ಮ ಪಂಚಾಯತಿನಲ್ಲಿ ಈಗಿನದ್ದನ್ನು ತಿಳಿದುಕೊಳ್ಳಿ.

ಮೂರನೆಯದು ಸರಕಾರದಿಂದ ಬಂದ ಜಾಗ. ದರ್ಖಾಸ್ತು, ಡಿಕ್ಲರೇಶನ್, 94ಸಿ ಹಕ್ಕುಪತ್ರ, ಆಶ್ರಯ ಮನೆ ಎಲ್ಲ ಇದರಲ್ಲಿ ಬರುತ್ತವೆ. ಇಂಥ ಜಾಗಕ್ಕೆ ಇಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ. ಭೂ ನ್ಯಾಯಮಂಡಳಿಯಿಂದ ಗೇಣಿದಾರರಿಗೆ ಸಿಕ್ಕಿದ್ದಕ್ಕೆ 15 ವರ್ಷ. ಉಳಿದವುಗಳಿಗೆ ಹಕ್ಕುಪತ್ರದಲ್ಲೇ ಬರೆದಿರುತ್ತದೆ, ಕೊನೆಯ ಸಾಲಿನವರೆಗೆ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಆದರೆ 1978ರ ಕಾಯ್ದೆ ಪ್ರಕಾರ ಸರಕಾರದ ಪೂರ್ವಾನುಮತಿ ಬೇಕೇ ಬೇಕು. ಅನುಮತಿ ಇಲ್ಲದೆ ಆದ ಕ್ರಯವನ್ನು ರದ್ದು ಮಾಡಿ ಜಮೀನನ್ನು ಮೂಲದವರಿಗೆ ವಾಪಸು ಕೊಡಿಸಬಹುದು. 2023ರ ತಿದ್ದುಪಡಿ ಪ್ರಕಾರ ಅವರು ಅರ್ಜಿ ಹಾಕಲು ಕಾಲಮಿತಿ ಇಲ್ಲ. ನಡುವೆ ಮೂರು ಕೈ ದಾಟಿ ಬಂದಿದ್ದರೂ ಕೊನೆಗೆ ಕಳೆದುಕೊಳ್ಳುವವರು ನೀವು. ಬಡವನಿಗೆ ಸಿಕ್ಕಿದ ತುಂಡು ಜಾಗ ಕೈ ತಪ್ಪಬಾರದು ಎಂಬುದು ಈ ಕಾನೂನಿನ ಉದ್ದೇಶ. ಅಗ್ಗಕ್ಕೆ ಸಿಗ್ತದೆ ಎಂದು ಆಸೆ ಬೇಡ.

ನಾಲ್ಕನೆಯದು ನಮ್ಮ ದಕ್ಷಿಣ ಕನ್ನಡ, ಉಡುಪಿಯವರ ತಲೆನೋವು, ಕುಮ್ಕಿ. ವರ್ಗ ಜಮೀನಿನ ಸುತ್ತ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆಗೆ ನಮಗೆ ಸೌಲಭ್ಯ ಉಂಟು, ಒಡೆತನ ಇಲ್ಲ. ಮೂರು ತಲೆಮಾರು ಅನುಭವಿಸಿದ್ದೇವೆ ಎಂದು ಅಲ್ಲಿ ಹಟ್ಟಿ, ಬಾವಿ, ಕೆಲವೆಡೆ ಅರ್ಧ ಮನೆಯನ್ನೇ ಕಟ್ಟಿದ್ದೇವೆ. ಮಾರುವವರು ಬೇಲಿ ತೋರಿಸಿ 'ಅಲ್ಲಿವರೆಗೂ ನಮ್ಮದೇ' ಅನ್ನುತ್ತಾರೆ. ಬೇಲಿ ನಂಬಬೇಡಿ. ಸರ್ವೆಯವರನ್ನು ಕರೆಸಿ ಅಳತೆ ಮಾಡಿಸಿ, ನಾಲ್ಕು ಕಡೆ ನೆರೆಯವರು ನಿಂತಿರುವಾಗಲೇ ಕಲ್ಲು ಹಾಕಿಸಿ. ನಾನು ಅಳತೆ ಮಾಡಿಸಿದ ದಿನವೇ ಬಾವಿ ಹೊರಗೆ ಇದ್ದದ್ದು ಗೊತ್ತಾದ್ದು.

ದಾರಿ, ನೀರು ಯಾರದ್ದು?

ಇದು ಪೇಟೆಯವರಿಗಿಂತ ನಮಗೆ ದೊಡ್ಡ ಪ್ರಶ್ನೆ. ಮನೆಗೆ ಬರುವ ದಾರಿ ಇನ್ನೊಬ್ಬರ ತೋಟದಲ್ಲಿ ಹಾದು ಬರುತ್ತದೆಯೇ? ಹಾಗಾದರೆ ಆ ದಾರಿಯ ಹಕ್ಕು ಯಾವುದಾದರೂ ಪತ್ರದಲ್ಲಿ ಬರೆದಿದೆಯೇ? ಅಡಚಣೆ ಇಲ್ಲದೆ, ಹಕ್ಕಿನಿಂದ 20 ವರ್ಷ ಬಳಸಿದ ದಾರಿಗೆ ಕಾನೂನಿನ ಬಲ ಉಂಟು, ನಿಜ. ಆದರೆ ಅದನ್ನು ಸಾಬೀತು ಮಾಡುವುದು ಕೋರ್ಟಿನಲ್ಲಿ. ಮಾರುವವರೊಂದಿಗಿನ ದಾಕ್ಷಿಣ್ಯಕ್ಕೆ ದಾರಿ ಬಿಟ್ಟ ನೆರೆಯವರು ನಿಮಗೂ ಬಿಟ್ಟಾರು ಎಂದು ಹೇಳಲಾಗದು. ದಾರಿ ಎಷ್ಟು ಅಡಿ ಅಗಲ, ವಾಹನಕ್ಕೆ ಉಂಟೋ ಕಾಲ್ನಡೆಗೆ ಮಾತ್ರವೋ, ಬಾವಿಯಲ್ಲಿ ಯಾರಿಗೆ ಪಾಲು, ಪೈಪು ಎಲ್ಲಿಂದ ಹಾದು ಬರುತ್ತದೆ, ಇದೆಲ್ಲ ಕ್ರಯಪತ್ರದಲ್ಲಿ ಬರಬೇಕು. ಆಗುವುದಾದರೆ ದಾರಿ ಕೊಡುವ ನೆರೆಯವರಿಂದ ಬೇರೆಯೇ ಒಂದು ಪತ್ರ ರಿಜಿಸ್ಟರ್ ಮಾಡಿಸಿ.

ಕರಾರಿನಲ್ಲಿ ಏನು ಬರೆಯಬೇಕು?

ಎರಡನೇ ಮನೆಗೆ ನಾನು ಬರೆಸಿದ ಕರಾರಿನಲ್ಲಿ ಇದ್ದದ್ದು ಇಷ್ಟು: ಒಟ್ಟು ಕ್ರಯ, ಕೊಟ್ಟ ಮುಂಗಡ (ಬ್ಯಾಂಕ್ ಮೂಲಕ), ರಿಜಿಸ್ಟ್ರಿಗೆ ಮೂರು ತಿಂಗಳ ಗಡು, ಅಷ್ಟರಲ್ಲಿ ಅವರು ಒದಗಿಸಬೇಕಾದ ರೆಕಾರ್ಡುಗಳ ಪಟ್ಟಿ, ರೆಕಾರ್ಡಿನಲ್ಲಿ ದೋಷ ಕಂಡರೆ ಮುಂಗಡ ಎಷ್ಟು ದಿನದಲ್ಲಿ ವಾಪಸು, ನಾನು ಹಿಂದೆ ಸರಿದರೆ ಎಷ್ಟು ಮುರಿದುಕೊಳ್ಳಬಹುದು, ತೆಂಗು, ಪಂಪು, ಟ್ಯಾಂಕಿ ಕ್ರಯಕ್ಕೆ ಸೇರಿದೆಯೋ ಇಲ್ಲವೋ. ಹಕ್ಕುದಾರರೆಲ್ಲರ ಸಹಿ. ಮುಂಗಡ ಐವತ್ತು ಸಾವಿರ ಮಾತ್ರ.

ಕರಾರಿನಿಂದ ಮನೆ ನಿಮ್ಮದಾಗುವುದಿಲ್ಲ. ರಿಜಿಸ್ಟರ್ ಆದ ಕ್ರಯಪತ್ರದಿಂದ ಮಾತ್ರ ಆಗುವುದು. ಮಾರುವವರು ತಪ್ಪಿದರೆ ಕ್ರಯಪತ್ರ ಬರೆಸಿಕೊಡಿ ಎಂದು ದಾವೆ ಹಾಕಲು ಮೂರು ವರ್ಷ ಅವಕಾಶ. ಗಡು ಬರೆದಿದ್ದರೆ ಗಡು ಮುಗಿದ ದಿನದಿಂದ, ಇಲ್ಲದಿದ್ದರೆ ಅವರು ಒಲ್ಲೆ ಅಂದದ್ದು ಗೊತ್ತಾದ ದಿನದಿಂದ. ಕರಾರಿನ ಜೊತೆಗೇ ಮನೆಯ ಸ್ವಾಧೀನವನ್ನೂ ಕೊಟ್ಟರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ, ರಿಜಿಸ್ಟ್ರಿಯೂ ಆಗಬೇಕು.

'ಜಿಪಿಎ ಕೊಡ್ತೇನೆ, ರಿಜಿಸ್ಟ್ರಿ ಖರ್ಚು ಉಳೀತದೆ' ಎಂದು ಯಾರಾದರೂ ಅಂದರೆ ಕೈ ಮುಗಿದು ಬನ್ನಿ. ಮುಕ್ತ್ಯಾರು ಪತ್ರದಿಂದ ಒಡೆತನ ಬದಲಾಗದು ಎಂದು 2011ರಲ್ಲೇ ಸುಪ್ರೀಂ ಕೋರ್ಟು ಖಚಿತ ಮಾಡಿದೆ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಪತ್ರವೂ ಹೋಯಿತು. ಯಜಮಾನರು ದುಬಾಯಿಯಲ್ಲಿದ್ದು ತಮ್ಮನಿಗೆ ಮುಕ್ತ್ಯಾರು ಕೊಟ್ಟಿದ್ದರೆ ಅದು ಬೇರೆ ವಿಷಯ. ಅಂಥ ಪತ್ರ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣ ಆಗಿ, ಇಲ್ಲಿಗೆ ಬಂದು ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಮಾರುವ ಅಧಿಕಾರ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಯಜಮಾನರಿಗೆ ಒಂದು ಫೋನು ಮಾಡಿ ಮಾತಾಡುವುದೂ ಒಳ್ಳೆಯದು.

ರಿಜಿಸ್ಟ್ರಿಗೆ ಎಷ್ಟು ಖರ್ಚು? ಕಡಿಮೆ ತೋರಿಸಬಹುದಾ?

ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಶೇ. 10 ಸೆಸ್, ಹಳ್ಳಿಯಲ್ಲಾದರೆ ಶೇ. 3 ಸರ್‌ಚಾರ್ಜ್. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಯಿತು. 30 ಲಕ್ಷದ ಮನೆ ಆದರೆ ಮುದ್ರಾಂಕ ಶುಲ್ಕ 1,50,000, ಸೆಸ್ 15,000, ಸರ್‌ಚಾರ್ಜ್ 4,500, ನೋಂದಣಿ 60,000. ಒಟ್ಟು 2,29,500 ರೂಪಾಯಿ. ಬರವಣಿಗೆ, ವಕೀಲರ ಫೀಸು ಬೇರೆ. ಮನೆಯ ಬೆಲೆ ಮಾತಾಡುವಾಗಲೇ ಈ ಹಣವನ್ನು ತೆಗೆದಿಡಿ.

ಸರಕಾರದ ಮಾರ್ಗಸೂಚಿ ಬೆಲೆ ಮತ್ತು ನೀವು ಕೊಟ್ಟ ಬೆಲೆ, ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ಕೊಟ್ಟದ್ದು 30, ಬರೆದದ್ದು 18 ಎಂಬ ಅಭ್ಯಾಸ ಊರಲ್ಲಿ ಹಳತು. ನಾಳೆ ಹಕ್ಕಿನಲ್ಲಿ ದೋಷ ಕಂಡು ಹಣ ವಾಪಸು ಕೇಳಬೇಕಾದರೆ ನಿಮ್ಮ ಕೈಯಲ್ಲಿ 18ಕ್ಕೆ ಮಾತ್ರ ದಾಖಲೆ. ಬ್ಯಾಂಕ್ ಸಾಲವೂ ಅದರ ಮೇಲೆಯೇ. 2015ರಿಂದ ಸ್ಥಿರಾಸ್ತಿ ಮಾರುವವರು 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ. ಇದು ಮುಂಗಡಕ್ಕೂ ಅನ್ವಯ.

ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ. 1 ಮುರಿದು ಆದಾಯ ತೆರಿಗೆಗೆ ಕಟ್ಟಬೇಕು. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಈ ಲೆಕ್ಕ ಅಲ್ಲ. 50 ಲಕ್ಷ ಆಗದಿದ್ದರೂ ಮುರಿಯಬೇಕು, ಅದೂ ಹೆಚ್ಚು. ಆಡಿಟರರಲ್ಲಿ ಕೇಳದೆ ಹಣ ಕೊಡಬೇಡಿ.

ಮಾರುವವರಿಗೂ ಒಂದು ಮಾತು. ಹಳ್ಳಿಯ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಮನೆಗೆ ಉಂಟು. ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ವಿನಾಯಿತಿ ಸಿಗುತ್ತದೆ. ಮಾರುವ ಮೊದಲೇ ಕೊಂಡದ್ದಾದರೆ ಒಂದು ವರ್ಷದೊಳಗಿನದ್ದಾಗಿರಬೇಕು. ನನಗೆ ಇದು ಗೊತ್ತಿರಲಿಲ್ಲ. 2022ರಲ್ಲಿ ಕೊಂಡು 2024ರಲ್ಲಿ ಮಾರಿದ್ದರಿಂದ ವಿನಾಯಿತಿ ತಪ್ಪಿತು.

ರಿಜಿಸ್ಟ್ರಿ ಆದ ಮೇಲೆ ಕೆಲಸ ಮುಗಿಯಿತಾ?

ಇಲ್ಲ. ಕ್ರಯಪತ್ರ ಸಹಿ ಆದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು, ಸಾಮಾನ್ಯವಾಗಿ ಅದೇ ದಿನ ಆಗುತ್ತದೆ. ನಂತರ ಖಾತೆ ಬದಲಾವಣೆ. ರಿಜಿಸ್ಟ್ರಾರ್ ಆಫೀಸಿನಿಂದ ಮಾಹಿತಿ ತಾನಾಗಿ ಹೋಗುತ್ತದೆ ಅನ್ನುತ್ತಾರೆ. ಹೋಯಿತೋ ಎಂದು ನೋಡುವ ಕೆಲಸ ನಮ್ಮದು. ಪಹಣಿಯಲ್ಲಿ, ಪಂಚಾಯತಿನಲ್ಲಿ, ಕರೆಂಟು ಬಿಲ್ಲಿನಲ್ಲಿ ಹೆಸರು ಬರುವವರೆಗೆ ಬೆನ್ನು ಬಿಡಬೇಡಿ. ಕೊನೆಗೆ ಒಂದು ಹೊಸ ಇಸಿ ತೆಗೆದು ನಿಮ್ಮ ಹೆಸರನ್ನು ಕಣ್ಣಾರೆ ನೋಡಿ ಪೆಟ್ಟಿಗೆಯಲ್ಲಿ ಇಡಿ.

ನಮ್ಮದೇ ಮನೆ ಮಾರುವಾಗ

2022ರಲ್ಲಿ ಬೇರೆ ಮನೆ ಕೊಂಡೆವು. ಈ ಸಲ ಎಲ್ಲ ನೋಡಿ, ಮಾರುವವರ ಮೂವರು ಸಹೋದರಿಯರೂ ಬಂದು ಸಹಿ ಮಾಡಿದ ಮೇಲೆಯೇ ಹಣ ಕೊಟ್ಟೆ. ಒಬ್ಬರು ಬೊಂಬಾಯಿಯಿಂದ ಬಂದಿದ್ದರು. ಬಹಳ ಬಿಗಿ ಮನುಷ್ಯ ಅಂತ ನನ್ನನ್ನು ಅವರು ಅಂದದ್ದೂ ಉಂಟು.

2024ರಲ್ಲಿ ಹಳೇ ಮನೆ ಮತ್ತು 40 ಸೆಂಟ್ಸಿಗೆ ಗಿರಾಕಿ ಬಂದರು. ಖಾತೆ ನನ್ನ ಹೆಸರಲ್ಲಿ. ಅಪ್ಪ 1971ರಲ್ಲಿ ಕೊಂಡದ್ದು, 1998ರಲ್ಲಿ ತೀರಿಕೊಂಡರು, ಪೌತಿ ಖಾತೆ ನನಗಾಯಿತು. ರೆಕಾರ್ಡು ಹಿಡಿದು ಅದೇ ವಕೀಲರಲ್ಲಿಗೆ ಹೋದೆ, ಇದರಲ್ಲಿ ಏನೂ ತೊಂದರೆ ಇರದು ಎಂಬ ಧೈರ್ಯದಲ್ಲಿ. ಅವರು ಕನ್ನಡಕ ತೆಗೆದು ಕೇಳಿದರು, 'ನಿಮಗೆ ತಂಗಿ ಇಲ್ವಾ?'

ಇದ್ದಾಳೆ. ಒಬ್ಬಳೇ ತಂಗಿ. ಪೌತಿ ಖಾತೆ ಮಾಡುವಾಗ ಗ್ರಾಮ ಲೆಕ್ಕಿಗರ ಮುಂದೆ ಒಂದು ಕಾಗದಕ್ಕೆ ಅವಳೂ ಸಹಿ ಹಾಕಿದ್ದಳು. ಅದು ಹಕ್ಕು ಬಿಟ್ಟ ಪತ್ರ ಎಂದೇ ನಾನು 26 ವರ್ಷ ತಿಳಿದಿದ್ದೆ. ಅಲ್ಲ. ಹಕ್ಕು ಬಿಡುವುದಾದರೆ ರಿಜಿಸ್ಟರ್ ಆದ ಹಕ್ಕು ಬಿಡುಗಡೆ ಪತ್ರ ಬೇಕು. ಅಪ್ಪ ವೀಲು ಬರೆದಿರಲಿಲ್ಲ. ಅಮ್ಮ, ನಾನು, ತಂಗಿ, ಮೂವರಿಗೂ ಮೂರರಲ್ಲಿ ಒಂದು ಪಾಲು. ಬೇರೆಯವರ ಅಕ್ಕತಂಗಿಯರ ಸಹಿ ಇಲ್ಲ ಎಂದು ಎರಡು ಲಕ್ಷಕ್ಕಾಗಿ ಊರೆಲ್ಲ ದೂರಿದವ ನಾನು. ನನ್ನ ಮನೆಯ ಪತ್ರದಲ್ಲೂ ಅದೇ ತೂತು ಇತ್ತು.

ತಂಗಿ ಮನೆಗೆ ಹೋದೆ. ವಿಷಯ ಹೇಳಿದೆ. ಅವಳು ಕಾಫಿ ತಂದಿಟ್ಟು, 'ಸಹಿ ಮಾತ್ರ ಬೇಕಾ ಅಣ್ಣ?' ಅಂದಳು. ಸಿಟ್ಟಿನಲ್ಲಿ ಅಲ್ಲ, ಸುಮ್ಮನೆ ಕೇಳಿದ್ದು. ನನಗೆ ಉತ್ತರ ಬರಲಿಲ್ಲ. ಅವಳ ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಮದುವೆ ಖರ್ಚು ಪಾಲಿಗೆ ವಜಾ ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ ಎಂಬುದು ಆಗ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

ಅಮ್ಮ, ನಾನು, ತಂಗಿ ಮೂವರೂ ಮಾರುವವರಾಗಿ ಕ್ರಯಪತ್ರಕ್ಕೆ ಸಹಿ ಹಾಕಿದೆವು. ಮೂವರ ಪಾಲು ಮೂವರ ಬ್ಯಾಂಕ್ ಖಾತೆಗೆ ಬೇರೆ ಬೇರೆಯಾಗಿ ಬಂತು. ನನ್ನ ಲೆಕ್ಕಕ್ಕೆ ಕಡಿಮೆ ಆಯಿತು, ಸುಳ್ಳು ಹೇಳುವುದಿಲ್ಲ. ಹೊಸ ಮನೆಯ ಸಾಲ ಇನ್ನೂ ನಾಲ್ಕು ವರ್ಷ ಉಂಟು. ಆದರೆ ಆ ಮನೆ ಕೊಂಡವರು ನಾಳೆ ನನ್ನ ಹಾಗೆ ಹದಿನಾಲ್ಕು ತಿಂಗಳು ಅಲೆಯಬೇಕಾಗಿಲ್ಲ. ಚೌತಿಗೆ ತಂಗಿ ಎಂದಿನಂತೆ ಬಂದು ಹೋಗುತ್ತಾಳೆ.

ನೆನಪಿಗೆ

ಮುಂಗಡ ಕೊಡುವ ಮೊದಲು ಇಷ್ಟು ನೋಡಿ:

1. ಮೂಲಪತ್ರ, ಮತ್ತು 30 ವರ್ಷದ ಹಿಂದಿನ ಪತ್ರಗಳ ಕೊಂಡಿ.
2. ಅಷ್ಟೂ ವರ್ಷದ ಋಣಭಾರ ಪತ್ರ.
3. ಪಹಣಿಯ 9, 10, 11ನೇ ಕಾಲಂ.
4. ಪರಿವರ್ತನೆ ಆದೇಶ, ನಮೂನೆ 9, 11ಎ ಅಥವಾ 11ಬಿ.
5. ಮಂಜೂರಾತಿ ಜಾಗವಾದರೆ ಹಕ್ಕುಪತ್ರದ ಷರತ್ತು.
6. ವಂಶವೃಕ್ಷ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿಲ್ಲ ಎಂಬುದು.
7. ಸರ್ವೆ ಅಳತೆ, ಬಾವಿ ಮತ್ತು ದಾರಿ ಎಲ್ಲಿ ಬರುತ್ತದೆ ಎಂಬುದು.
8. ಕೋರ್ಟಿನಲ್ಲಿ ದಾವೆ ಇದೆಯೇ ಎಂಬುದು.

ಇಷ್ಟನ್ನೂ ನಾವೇ ಸಂಗ್ರಹಿಸಬಹುದು. ಆದರೆ ಓದಿ ಹೇಳಲು ಒಬ್ಬ ವಕೀಲರು ಬೇಕು. ಮಾರುವವರ ವಕೀಲರಲ್ಲ, ದಲ್ಲಾಳಿ ತೋರಿಸಿದವರಲ್ಲ, ನಿಮ್ಮವರು. ಅವರು ತೆಗೆದುಕೊಳ್ಳುವ ಫೀಸು ನಾಲ್ಕು ಚೀಲ ಗೊಬ್ಬರದ ಬೆಲೆ ಆದೀತು. ಆ ನಾಲ್ಕು ಚೀಲ ಉಳಿಸಲು ಹೋಗಿ ನಾನು ಹದಿನಾಲ್ಕು ತಿಂಗಳು ಕಳೆದೆ.

ಮಾರುವ ಯೋಚನೆ ಈಗ ಇಲ್ಲದವರೂ ಒಂದು ಕೆಲಸ ಮಾಡಬಹುದು. ಈ ಮಳೆಗಾಲದಲ್ಲಿ ತೋಟದ ಕೆಲಸ ಇಲ್ಲದ ಒಂದು ದಿನ ಪೆಟ್ಟಿಗೆ ತೆರೆದು, ನಿಮ್ಮ ಮನೆಯದ್ದೇ ರೆಕಾರ್ಡನ್ನು, ಕೊಳ್ಳಲು ಬಂದವನ ಕಣ್ಣಿನಿಂದ, ಒಮ್ಮೆ ಓದಿ.